ಶಟ್ಟೆವ್ವನ ಪಾಲಿನ ಹತ್ತಿಕಾಳು

ನೇಸರಗಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಶಟ್ಟೆವ್ವ ಆಗಲೇ ಪಡಸಾಲೆಯಲ್ಲಿ ಕೆಲಸಕ್ಕೆ ಕುಳಿತಿದ್ದಾಳೆ. ಮುಂದೆ ಚಪ್ಪಟೆ ಕಲ್ಲು, ಅದರ ಮೇಲೆ ಕಬ್ಬಿಣದ ಸಲಾಕೆ, ಕಾಲಿಗೆ ಕಟ್ಟಿಗೆಯ ಅಟ್ಟೆ. ಅಂಗಾಲಿನಿಂದ ಸಲಾಕೆ ಉರುಳಿಸಿದಂತೆ ಹತ್ತಿಯ ಅರಳೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತವೆ.

"ಕುಂಡ್ರಿ ರಾಯರ. ನಾ ಏಳಂಗಿಲ್ಲ, ಎದ್ರ ಕೆಲಸ ಕೆಡತೈತಿ" ಎನ್ನುತ್ತಾಳೆ, ಆಕೆಯ ಕೆಲಸ ನೋಡಲು ಬಂದ ನನಗೆ.

ಮುಂಜಾನೆಯಿಂದ ಸಂಜೆಯವರೆಗೆ ತುಳಿದರೆ ಮೂರು ಸೇರು ಅರಳೆ. ಬೈಲಹೊಂಗಲದ ಕಡೆ ಬಂದಿರುವ ಉಗಿಯಂತ್ರ ಅಷ್ಟನ್ನು ಎಲೆ-ಅಡಕೆ ಜಗಿಯುವಷ್ಟರಲ್ಲಿ ಮುಗಿಸುತ್ತದೆ. ಈ ಕೆಲಸ ಮಾಡುತ್ತಿದ್ದ ಉಳಿದ ಏಳು ಹೆಂಗಸರೂ ಅಲ್ಲಿಗೇ ಕೂಲಿಗೆ ಹೋಗಿದ್ದಾರೆ. ಆದರೆ ಯಂತ್ರ ಕಾಳು ಒಡೆಯುತ್ತದೆ, ಹತ್ತೂರಿನ ಕಾಳು ಬೆರೆಸುತ್ತದೆ. ಹೋದ ವರ್ಷ ನೆರೆಮನೆಯ ಲಗಮಪ್ಪ ಆ ಕಾಳನ್ನು ನಾಲ್ಕೆಕರೆಗೆ ಬಿತ್ತಿದ. ಅರ್ಧ ಹುಟ್ಟಲೇ ಇಲ್ಲ.

ಸ್ವಂತ ಬೆಳೆಯಲ್ಲಿ ಬೀಜಕ್ಕೆಂದು ಎತ್ತಿಡಬಾರದೇ? ಎಲ್ಲಿಂದ ಇಟ್ಟಾನು! ಕಂದಾಯದ ಕಂತಿಗೆ ಹತ್ತಿಯೆಲ್ಲ ಹೊಲದಿಂದಲೇ ಮಾರಿಹೋಗುತ್ತದೆ. ನೂರೆಕರೆಯ ಮಡಿವಾಳೆಪ್ಪಗೌಡರು ಇಪ್ಪತ್ತು ಚೀಲ ಎತ್ತಿಟ್ಟು, ಶಟ್ಟೆವ್ವನಿಂದ ಬೀಜ ತೆಗೆಸುತ್ತಾರೆ. ಇಬ್ಬರದೂ ಅದೇ ಕರಿ ಮಣ್ಣು, ಅದೇ ಮಳೆ. ಕಾಯುವ ತ್ರಾಣ ಒಬ್ಬರಿಗುಂಟು, ಒಬ್ಬರಿಗಿಲ್ಲ. ಬಡತನಕ್ಕೆ ಸೋಮಾರಿತನವೇ ಕಾರಣವೆಂದು ಧಾರವಾಡದಲ್ಲಿ ಭಾಷಣ ಬಿಗಿಯುವವರು ಒಂದು ದಿನ ಈ ಪಡಸಾಲೆಯಲ್ಲಿ ಬಂದು ಕೂರಲಿ.

ಗೌಡರ ಹತ್ತು ಸೇರು ಕಾಳಿಗೆ ಒಂದು ಸೇರು ಶಟ್ಟೆವ್ವನ ಕೂಲಿ. ಆಕೆಗೆ ಅಂಗೈಯಗಲ ಹೊಲವಿಲ್ಲ. ಆ ಕಾಳನ್ನು ಲಗಮಪ್ಪನಂಥವರಿಗೆ ಕೊಡುತ್ತಾಳೆ. ಸುಗ್ಗಿಯಲ್ಲಿ ಅವರು ಜೋಳ ತಂದು ಹಾಕುತ್ತಾರೆ.

ನಾವು ಮಾತಾಡುತ್ತಿದ್ದಂತೆ ಗೌಡರ ಆಳು ಕಾಡಪ್ಪ ಹತ್ತಿಯ ಚೀಲ ತಂದಿಳಿಸುತ್ತಾನೆ.

"ಯವ್ವಾ, ಇವತ್ತಿಂದ ಕೂಲಿ ರೊಕ್ಕದಾಗ ಅಂತ. ದಿನಕ್ಕ ಎರಡಾಣೆ. ಕಾಳು ಒಂದೂ ಹೊರಗ ಹೋಗಬಾರದು ಅಂದಾರ ಗೌಡ್ರು."

ರೊಕ್ಕದ ಲೆಕ್ಕದಲ್ಲಿ ಕೂಲಿ ಹಿಂದಿನ ಎರಡರಷ್ಟಾಯಿತು. ಆದರೆ ಇನ್ನು ಬೀಜ ಬೇಕಾದವರು ಗೌಡರು ಹೇಳಿದ ಬೆಲೆಗೇ ಕೊಳ್ಳಬೇಕು. ಶಟ್ಟೆವ್ವನ ಮನೆಯ ಮಾಳಿಗೆ ಸೋರುತ್ತದೆ, ಸೀರೆಗೆ ಮೂರು ತೇಪೆ. ಒಪ್ಪಿಯಾಳೆಂದೇ ನಾನು ತಿಳಿದೆ.

ಆಕೆ ಕಾಲು ನಿಲ್ಲಿಸುತ್ತಾಳೆ. "ರೊಕ್ಕ ಬಿತ್ತಿದ್ರ ನಾಟತೈತೇನೋ ಕಾಡಪ್ಪ? ಮೊದಲಿನಂಗ ಕಾಳು ಕೊಟ್ರ ಮಾಡತೇನಿ. ಇಲ್ಲಾಂದ್ರ ಚೀಲ ಹೊತಗೊಂಡು ನಡಿ."

ಕಾಡಪ್ಪ ಗೊಣಗುತ್ತ ಚೀಲ ಹೊರುತ್ತಾನೆ. ಮಧ್ಯಾಹ್ನ ಅದೇ ಚೀಲ ಹೊತ್ತು ತಿರುಗಿ ಬರುತ್ತಾನೆ. ಈ ಕೆಲಸಕ್ಕೆ ಊರಲ್ಲಿ ಬೇರೆ ಯಾರಿದ್ದಾರೆ? "ಮೊದಲಿನಂಗ ಮಾಡಂತ. ಸಾಕವ್ವ ನಿನ್ನ ಹಟಾ!"

ಅಂಜಿಕೆಯಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗದ ಏನ್ರಿ? ಎದಿ ಡಬಡಬ ಹೊಡಕೋತಿತ್ತು." ನಗುತ್ತಾಳೆ. ನಿನಗೇನು ಬೇಕೆಂದು ಕೇಳಿದರೆ ಕಲ್ಲಿನ ಬದಿಗೆ ಬಿದ್ದ ಕಾಳೊಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಳ್ಳುತ್ತಾಳೆ.

"ಮೂವತ್ತು ವರ್ಷ ಮಂದಿ ಹೊಲಕ್ಕ ಬೀಜಾ ತಗದ ಕೊಟ್ಟೇನ್ರಿ. ನಂದು ಅಂತ ಒಂದ ಸಾಲು ಬಿತ್ತಬೇಕ್ರಿ. ಒಂದ ಸಾಲು ಸಾಕು."