ಕೆಂಪು ದೀಪ ದೊಡ್ಡದು ಮಾಡಿದ್ದು

ನನಗೆ ಮುಚ್ಚುವ ಚಟವಿದೆ. ನಮ್ಮ ಮನೆಯ ಮಿಕ್ಸರಿಗೆ ಅಂಗಿಯಿದೆ, ಫ್ರಿಜ್ಜಿನ ತಲೆಗೆ ಕಸೂತಿಯ ಟೊಪ್ಪಿಗೆಯಿದೆ, ಟಿ.ವಿ.ಗಂತೂ ಮದುಮಗಳ ಹಾಗೆ ಸೆರಗು. “ನಾ ಒಂದ ಕಡೆ ಭಾಳ ಹೊತ್ತು ಕುಂತ್ರ ನನಗೂ ಒಂದು ಕವರ್ ಹೊಲಿತಿ ನೀ,” ಎನ್ನುತ್ತಾರೆ ನಮ್ಮ ಯಜಮಾನರು. ಆಸೆಯೇನೋ ಇದೆ, ಅಳತೆಗೆ ನಿಲ್ಲುವುದಿಲ್ಲ.

ಇಂಥವಳ ಕೈಗೆ ಶಿಕ್ಷಕರ ಆನ್‌ಲೈನ್ ತರಬೇತಿಯ ತಾಣವೊಂದು ಸಿಕ್ಕಿತು. ಪರದೆಯ ತುಂಬ ಜಾತ್ರೆ. ಮೇಲೆ ಗಂಟೆ, ಗಂಟೆಯ ಮೇಲೆ ಕೆಂಪು ಅಂಕಿ, ಕೆಳಗಿನ ಮೂಲೆಯಲ್ಲಿ ಹಲ್ಲು ಕಿರಿದು “ಸಹಾಯ ಬೇಕೇ?” ಎನ್ನುವ ಗೊಂಬೆ. ಇವುಗಳ ನಡುವೆ ಪಾಠವನ್ನು ಹುಡುಕುವುದೆಂದರೆ ಸಂತೆಯ ದಿನ ಸಿಂದಗಿ ಬಸ್ಸಿನಲ್ಲಿ ಸೀಟು ಹುಡುಕಿದ ಹಾಗೆ. ಮೊದಲ ದಿನವೇ ಆ ಗಂಟೆಯ ಮೇಲೆ ನನ್ನ ಹಣೆಯ ಟಿಕಳಿಯನ್ನೇ ತೆಗೆದು ಅಂಟಿಸಿದೆ. ಪುಟ ಸರಿಸಿದರೆ ಗಂಟೆ ಮೇಲೆ ಹೋಯಿತು, ಟಿಕಳಿ ಅಲ್ಲೇ ಉಳಿಯಿತು. ಪಾಠ ಹೇಳುವ ಮಹನೀಯರು ಮೂಗಿನ ಮೇಲೆ ಟಿಕಳಿ ಇಟ್ಟುಕೊಂಡೇ ಮಕ್ಕಳ ಮನೋವಿಜ್ಞಾನ ವಿವರಿಸಿದರು.

ರಜೆಗೆ ಇಂಡಿಯಿಂದ ಬಂದಿದ್ದ ನನ್ನಣ್ಣನ ಮಗಳು ಇದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಲ್ಯಾಪ್‌ಟಾಪಿಗೆ ಏನೋ ಒಂದು ಉಪಾಯ ಸೇರಿಸಿದಳು. ಬೇಡವಾದದ್ದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಅಡಗಿಸು’ ಎಂದರೆ ಸಾಕು, ಮಾಯ. “ಅತ್ತಿ, ಟಿಕಳಿ ಇನ್ನ ನಿಮ್ಮ ಹಣಿಗೇ ಹಚ್ಕೊಳ್ರಿ,” ಎಂದಳು. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು. ಗಂಟೆ ಹೋಯಿತು, ಗೊಂಬೆ ಹೋಯಿತು. ಆವೇಶದಲ್ಲಿ ‘ಮುಂದಿನ ಪಾಠ’ ಎಂಬ ಗುಂಡಿಯೂ ಹೋಯಿತು. ಪಾಠಗಳೆಲ್ಲ ಮುಗಿದವೆಂದು ತಿಳಿದು ಒಂದು ಮಧ್ಯಾಹ್ನ ಸುಖವಾಗಿ ಮಲಗಿದ್ದೆ.

ಒಂದನ್ನು ಮಾತ್ರ ನಾನು ಅಡಗಿಸಲಿಲ್ಲ. ಬಲಗಡೆ ತರಬೇತಿಗೆ ಸೇರಿದವರ ಹೆಸರುಗಳ ಪಟ್ಟಿಯಿತ್ತು. ಎಲ್ಲರಿಗಿಂತ ಮೇಲೆ, ಹಸಿರು ದೀಪದೊಂದಿಗೆ, ಅನಸೂಯಾ ಎಂದು ನನ್ನ ಹೆಸರು. ಅದನ್ನು ಯಜಮಾನರಿಗೆ ತೋರಿಸಿದೆ, ಹೆಡ್‌ಮಾಸ್ತರರಿಗೆ ತೋರಿಸಿದೆ, ಹಾಲು ಕೊಡಲು ಬಂದವಳಿಗೂ ತೋರಿಸಿದೆ.

ಪಟ್ಟಿಯ ಕಟ್ಟಕಡೆಯ ಹೆಸರು ಹೇಮಲತಾ. ಮಂಡ್ಯದ ಕಡೆಯ ಹುಡುಗಿ. ಮುದ್ದೇಬಿಹಾಳದ ಶಾಲೆಗೆ ವಿಜ್ಞಾನ ಕಲಿಸಲು ಹೊಸದಾಗಿ ಬಂದವಳು. ಬಾಗೇವಾಡಿಯ ಸಭೆಯೊಂದರಲ್ಲಿ ನನ್ನ ಡಬ್ಬಿಯ ಖಾರದ ಶೇಂಗಾ ಹಿಂಡಿ ತಿಂದು ಕಣ್ಣೀರು ಹಾಕಿದಂದಿನಿಂದ ನನ್ನ ತಂಗಿಯಾಗಿದ್ದಳು. ಈ ತರಬೇತಿ ಪಾಸಾಗದಿದ್ದರೆ ಅವಳ ನೌಕರಿ ಕಾಯಂ ಆಗುವುದಿಲ್ಲ. ಪರೀಕ್ಷೆಗೆ ಕೊನೆಯ ದಿನ ಫೋನ್ ಮಾಡಿ ಬಿಕ್ಕಿದಳು. “ಎಲ್ರಿಗಿಂತ ಕೊನೇಲಿದ್ದೀನಿ ಅಕ್ಕ. ಹೆಸರಿನ ಪಕ್ಕ ಕೆಂಪು ದೀಪ ಬೇರೆ ಉರೀತಿದೆ. ಬರೆದೇನು ಪ್ರಯೋಜನ? ಬಿಟ್ಬಿಡ್ತೀನಿ.”

ಕಣ್ಣಿಗೆ ಕಾಣದಿದ್ದರೆ ಅರ್ಧ ಭಯ ಹೋಗುತ್ತದೆ. ನನ್ನ ಉಪಾಯವನ್ನು ಅವಳಿಗೂ ಮೊದಲೇ ಕಲಿಸಿದ್ದೆ. “ಅಳಬ್ಯಾಡ. ಆ ಕೆಂಪು ದೀಪ ಐತಲಾ, ಮೊದಲ ಅದನ್ನ ದೊಡ್ಡದ ಮಾಡು. ಆಮ್ಯಾಲ ಪರೀಕ್ಷಾಕ್ಕ ಕೂಡು,” ಎಂದೆ.

ಇಲ್ಲೊಂದು ವಿಷಯ ಹೇಳಬೇಕು. ಅಡಗಿಸುವ ವಿದ್ಯೆಯನ್ನು ನಮ್ಮ ಕಡೆಯವರು ಕಂಪ್ಯೂಟರಿಗಿಂತ ಮೊದಲೇ ಬಲ್ಲರು. ಹೊರಟವರು ‘ಹೋಗ್ತೇನಿ’ ಎನ್ನುವುದಿಲ್ಲ, ‘ಬರ್ತೇನಿ’ ಎನ್ನುತ್ತಾರೆ. ದೀಪ ಆರಿಸು ಎಂದರೆ ಅಪಶಕುನ. ಅದಕ್ಕೇ ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ಇದಕ್ಕೆ ಸೌಮ್ಯೋಕ್ತಿ ಎಂಬ ಹೆಸರಿದೆಯೆಂದು ಒಂಬತ್ತನೆಯ ತರಗತಿಗೆ ನಾನೇ ಪಾಠ ಮಾಡುತ್ತೇನೆ. ಮಂಡ್ಯದ ಹುಡುಗಿ ಆ ತರಗತಿಯಲ್ಲಿ ಕೂತಿರಲಿಲ್ಲ.

“ದೊಡ್ಡದು ಮಾಡ್ದೆ ಅಕ್ಕ,” ಎಂದಳು. “ಈಗ ಟೊಮೇಟೊ ಹಣ್ಣಿನಷ್ಟಾಗಿದೆ.”

“ಅಯ್ಯ ನಮ್ಮವ್ವ! ದೊಡ್ಡದ ಮಾಡು ಅಂದ್ರ ಆರಿಸು!”

ಆ ಕಡೆಯಿಂದ ಒಂದು ನಗು, ಅಳುವಿನ ನಡುವಿನಿಂದಲೇ ಎದ್ದು ಬಂದ ನಗು. “ಅಕ್ಕ, ದೊಡ್ಡದು ಮಾಡಿದ್ಮೇಲೆ ಕೆಳಗಿನ ಸಣ್ಣಕ್ಷರ ಕಾಣ್ತಿದೆ. ‘ಕೆಂಪು ದೀಪ: ಪರೀಕ್ಷೆ ಬಾಕಿ ಇದೆ. ಹೆಸರುಗಳು ಅಕಾರಾದಿಯಾಗಿವೆ.’”

ಅಕಾರಾದಿ! ಅನಸೂಯಾ ಮೊದಲು, ಹೇಮಲತಾ ಕೊನೆಗೆ. ನನ್ನ ಹಸಿರು ದೀಪಕ್ಕೆ ಅರ್ಥ, ನಾನು ಆಗಲೇ ಪರೀಕ್ಷೆ ಬರೆದು ಮುಗಿಸಿದ್ದೇನೆ ಎಂದಷ್ಟೇ. ಅ ಆ ಇ ಈ ತಿದ್ದಿಸುತ್ತಲೇ ತಲೆ ಹಣ್ಣಾದ ಕನ್ನಡ ಟೀಚರಿಗೆ ಅದು ಹೊಳೆಯಲಿಲ್ಲ. ಹಾಲಿನವಳ ಮುಖ ನೆನಪಾಗಿ ನನ್ನ ಮುಖ ಬೆಚ್ಚಗಾಯಿತು. ಹೇಮಾ ಅಂದು ಸಂಜೆಯೇ ಪರೀಕ್ಷೆ ಬರೆದಳು.

ಫಲಿತಾಂಶ ಬಂತು. ಈ ಸಲ ಪಟ್ಟಿ ಅಂಕಗಳ ಪ್ರಕಾರವೇ ಇತ್ತು. ಎಲ್ಲರಿಗಿಂತ ಮೇಲೆ ಹೇಮಲತಾ. ಅನಸೂಯಾಳನ್ನು ಕಾಣಲು ಬಹಳ ಕೆಳಗೆ ಇಳಿಯಬೇಕಿತ್ತು. ಪೂರ್ತಿ ಇಳಿಯುವ ಧೈರ್ಯವಾಗದೆ ಬಲಗುಂಡಿ ಒತ್ತಿ ಇಡೀ ಪಟ್ಟಿಯನ್ನೇ ಅಡಗಿಸಿದೆ. ಅಷ್ಟರಲ್ಲೇ ಅವಳ ಫೋನ್. “ನೋಡಿದ್ರಾ ಅಕ್ಕ?”

“ಇಲ್ಲಿ ಪಟ್ಟಿನ ಕಾಣವಲ್ದವಾ,” ಎಂದೆ. ಅದು ಅಕ್ಷರಶಃ ನಿಜ.

“ನನ್ನದ್ರಲ್ಲಿ ಕಾಣ್ತಿದೆ. ಓದಿ ಹೇಳ್ಲಾ?”

ಬೇಡ ಎಂದೆ. ಮನಸ್ಸು ತಡೆಯಲಿಲ್ಲ, ಹೇಳು ಎಂದೆ. ಪಟ್ಟಿ ಇಳಿಸುವ ಮೌಸಿನ ಗಾಲಿ ಆ ಕಡೆ ಬಹಳ ಹೊತ್ತು ಕರಕರ ಎಂದಿತು. “ನೀವೂ ಪಾಸಾಗಿದ್ದೀರಿ ಅಕ್ಕ,” ಎಂದಳು. ಎಷ್ಟನೆಯವಳೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಡಗಿಸುವ ಕೆಲಸವನ್ನು ನನಗಿಂತ ನಯವಾಗಿ ಮಾಡುವವಳೊಬ್ಬಳು ಮುದ್ದೇಬಿಹಾಳದಲ್ಲಿದ್ದಾಳೆ.