ಅತ್ತೆಯ ಮೊಬೈಲಿನ ಬೆಕ್ಕು

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳನ್ನು ಮೊಬೈಲು ಬೆರಳೆಂದು ಒಪ್ಪುತ್ತಲೇ ಇರಲಿಲ್ಲ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರೂರು ಯಡ್ರಾವಕ್ಕೆ ಮರಳಿದವಳು ಅವಳು. ಅಂದಿನಿಂದ ಅವಳಣ್ಣನ, ಎಂದರೆ ನಮ್ಮ ದೊಡ್ಡಪ್ಪನ, ಮಗ್ಗದ ಶೆಡ್ಡಿನಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತಿ ಸುತ್ತಿ ಬೆರಳ ತುದಿಗಳೆಲ್ಲ ಕೊರಡಾಗಿದ್ದವು. ಹಾಗಾಗಿ ಬೆಕ್ಕನ್ನು ಅವಳು ಸವರುತ್ತಿದ್ದದ್ದು ತೋರುಬೆರಳಿನ ಗೆಣ್ಣಿನಿಂದ.

ಬೆಕ್ಕು ಎಂದರೆ ಮೊಬೈಲಿನೊಳಗಿನ ಬೆಕ್ಕು. ಆಟವೆನ್ನುವಂಥದ್ದು ಅದರಲ್ಲಿ ಏನೂ ಇಲ್ಲ, ಗೆಲುವಿಲ್ಲ, ಸೋಲಿಲ್ಲ. ಒಂದು ಕಂದು ಬೆಕ್ಕು ಕೂತಿರುತ್ತದೆ. ಸವರಿದರೆ ಕಣ್ಣು ಮುಚ್ಚಿ ಗುರುಗುಟ್ಟುತ್ತದೆ, ಮೊಬೈಲು ಅಂಗೈಯಲ್ಲಿ ನಡುಗುತ್ತದೆ. ಮಗ್ಗದ ಸದ್ದಿಗೆ ಅತ್ತೆಯ ಕಿವಿ ಯಾವತ್ತೋ ಮಂದವಾಗಿತ್ತು. ಆ ಗುರುಗುರು ಅವಳಿಗೆ ಕೇಳುತ್ತಿರಲಿಲ್ಲ, ಕೈಗೆ ತಾಗುತ್ತಿತ್ತು. ಆಟವನ್ನು ಹಾಕಿಕೊಟ್ಟವಳು ನಾನು. ಮೊದಲ ದಿನ ಬಾಲದಿಂದ ತಲೆಯತ್ತ ಸವರಿ ತೋರಿಸಿದ್ದಕ್ಕೆ ಅತ್ತೆ ನನ್ನ ಕೈ ಹಿಡಿದಳು.

"ಉಲ್ಟಾ ಸವರಬಾರದವ್ವಾ, ಸಿಟ್ಟ ಬರತೈತಿ ಅದಕ್ಕ. ಮ್ಯಾಲಿಂದ ಕೆಳಗ."

ನಿಜವಾದ ಬೆಕ್ಕು ಸಾಕುವಂತಿರಲಿಲ್ಲ. ನಮ್ಮದು ಜೈನರ ಮನೆ. ಇಲಿ ಹಿಡಿಯುವ ಪ್ರಾಣಿಯ ಪಾಪ ಸಾಕಿದವರಿಗೂ ತಟ್ಟುತ್ತದೆ ಎನ್ನುವವರು. ಒಮ್ಮೆ ನೂಲಿನ ಚೀಲಗಳ ಸಂದಿಯಲ್ಲಿ ಮರಿ ಹಾಕಿದ್ದ ಬೆಕ್ಕನ್ನು ದೊಡ್ಡಪ್ಪ ಮರಿಗಳ ಸಮೇತ ಗೋಣಿಚೀಲದಲ್ಲಿ ಕಟ್ಟಿಸಿ ನದಿಯಾಚೆ ಬಿಡಿಸಿದರು. ಅದು ಯಾವ ಅಹಿಂಸೆಯೆಂದು ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ನಿಯಮ ಮೀರಿದವಳಲ್ಲ. ಆಟದಲ್ಲಿ ಬೆಕ್ಕಿಗೆ ಮೀನನ್ನೂ ಕೊಡಬಹುದಿತ್ತು. ಅವಳು ಹಾಲಿನ ಬಟ್ಟಲನ್ನಷ್ಟೇ ಒತ್ತುತ್ತಿದ್ದಳು. ಸೂರ್ಯ ಮುಳುಗಿದ ಮೇಲೆ ತಾನೂ ಉಣ್ಣುತ್ತಿರಲಿಲ್ಲ, ಬೆಕ್ಕಿಗೂ ಕೊಡುತ್ತಿರಲಿಲ್ಲ. ಅದು ಬಾಯಿ ತೆರೆದರೆ, "ಹೊತ್ತ ಮುಳಗೇತಿ. ಇನ್ನ ನಾಳೆ" ಎಂದು ಸಮಾಧಾನ ಹೇಳಿ ಬೆನ್ನು ಸವರುತ್ತಿದ್ದಳು.

ಇಷ್ಟನ್ನೂ ದೊಡ್ಡಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ಇಚಲಕರಂಜಿಯಿಂದ ವ್ಯಾಪಾರಿಗಳು ಬಂದರೆ ಮರಾಠಿಯಲ್ಲಿ, "ಆಮಚೀ ಮ್ಹಾತಾರೀ ಲಹಾನ ಝಾಲೀ", ನಮ್ಮ ಮುದುಕಿ ಕೂಸಾಗಿದ್ದಾಳೆ, ಎಂದು ಅವಳೆದುರೇ ನಗುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ತಾವೇ ದೊಡ್ಡವರೆಂಬುದು ಮರೆತೇಹೋಗುತ್ತಿತ್ತು. ತಾವು ಮಾತ್ರ ಊಟದ ತಾಟಿನ ಮುಂದೆಯೂ ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದರು. ಯಾರದೋ ಬೆನ್ನು ಮಣ್ಣಿಗೆ ತಾಗಿದರೆ ಇವರಿಗೆ ಸಂತೋಷ. ಅದು ಹುಡುಗಾಟವಲ್ಲವಂತೆ.

ಅತ್ತೆಯ ಎದೆಯಲ್ಲಿ ಹತ್ತಿಯ ಧೂಳು ಕೂತು ಉಸಿರು ಸಣ್ಣದಾಗುತ್ತ ಬಂತು. ಇನ್ನು ಮನೆಗೆ ಕರೆದೊಯ್ಯಿರಿ ಎಂದರು ಆಸ್ಪತ್ರೆಯವರು. ಒಂದು ಮಧ್ಯಾಹ್ನ ಮಲಗಿದಲ್ಲೇ ಅವಳು ಬೆಕ್ಕನ್ನು ಸವರುತ್ತಿದ್ದಾಗ ದೊಡ್ಡಪ್ಪ ಬಂದು ಮೊಬೈಲು ಕಸಿದುಕೊಂಡು, ಆ ಕೈಗೆ ಜಪಮಾಲೆ ತುರುಕಿದರು. ಅವಳಿಗೆ ಕೇಳಲೆಂದು ಕೂಗಿಯೇ ಹೇಳಿದರು.

"ಸಾಯೂ ಹೊತ್ತಿನ್ಯಾಗ ಬೆಕ್ಕಿನ ಧ್ಯಾನ ಮಾಡಿದ್ರ ಬೆಕ್ಕಿನ ಜನ್ಮನ ಬರತೈತಿ."

ಅತ್ತೆ ಉಸಿರು ಕೂಡಿಸಿಕೊಂಡು ಅಂದಳು: "ಬರಲಿ ಬಿಡಣ್ಣಾ. ಯಾರರ ಬೆನ್ನ ಸವರ್ತಾರ."

ದೊಡ್ಡಪ್ಪ ಮೊಬೈಲು ಹಿಡಿದು ಹೊರನಡೆದರು. ಹಿಂದೆಯೇ ಹೋಗಿ "ಮೊಬೈಲ ಕೊಡ್ರಿ ದೊಡ್ಡಪ್ಪಾ" ಎಂದೆ. "ನಿನಗ ಧರ್ಮ ಏನ ತಿಳೀತೈತಿ?" ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ನಾನು ಮರಳಿ ಬಂದು ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನ ಮೇಲೆ ಕೈಯಿಟ್ಟೆ. ಬರೀ ಎಲುಬು. ಸಿಟ್ಟಿನಲ್ಲಿ ಕೈ ಅಡ್ಡಾದಿಡ್ಡಿ ಓಡುತ್ತಿತ್ತು. ಅತ್ತೆ ಗೋಡೆಗೆ ಮುಖ ಮಾಡಿಯೇ, "ಮ್ಯಾಲಿಂದ ಕೆಳಗವ್ವಾ" ಎಂದಳು.

ಆ ವಾರವೇ ಅವಳು ಹೋದಳು. ತಂಗಿ ಜಪ ಮಾಡುತ್ತಲೇ ಕಣ್ಣು ಮುಚ್ಚಿದಳೆಂದು ದೊಡ್ಡಪ್ಪ ಈಗಲೂ ಬಸದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ, ಜನ ಕೈಮುಗಿಯುತ್ತಾರೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಕೊನೆಯ ಬೆಳಗ್ಗೆ ಪಕ್ಕದಲ್ಲಿದ್ದವಳು ನಾನು. ಅತ್ತೆ ಒಂದು ಮಣಿಯನ್ನೂ ಎಣಿಸಲಿಲ್ಲ. ಮಾಲೆಯನ್ನು ಎದೆಯ ಮೇಲೆ ಗುಡ್ಡೆ ಹಾಕಿಕೊಂಡು, ತೋರುಬೆರಳಿನ ಗೆಣ್ಣಿನಿಂದ ಮೇಲಿಂದ ಕೆಳಗೆ ಸವರುತ್ತಿದ್ದಳು.