ಅಪ್ಪನ ಹೊಲ ಬೀಳು ಎಂದ ನಕ್ಷೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಅದು ಅಪ್ಪನಿಂದ ಬಂದದ್ದು, ನಾನೇನು ಪೇಟೆಯಲ್ಲಿ ಕೊಂಡು ತಂದದ್ದಲ್ಲ. ಆ ಸಿಟ್ಟು ಇಲ್ಲದಿದ್ದರೆ ಎಂಬತ್ತರ ದಶಕದ ಆರಂಭದಲ್ಲಿ ಮುಂಡರಗಿ ಕಡೆಯ ನಮ್ಮ ಕರಿ ಎರಿ ಭೂಮಿಯೆಲ್ಲ ಸರ್ಕಾರಿ ಕಾಗದದಲ್ಲಿ ಬೀಳು ಎಂದೇ ದಾಖಲಾಗುತ್ತಿತ್ತು. ಹಾಗೆ ಬರೆಯಲು ಹೊರಟವಳೂ ನಾನೇ, ತಡೆದವಳೂ ನಾನೇ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳಿಗೆ, ಗದಗದಿಂದ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ದೂರದ ಊರಿನಲ್ಲಿ ನೌಕರಿ ಸಿಕ್ಕಿತ್ತು. ಉಪಗ್ರಹ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓದುವ ಕೆಲಸ. ಚಿತ್ರ ಎಂದರೆ ಎಲ್ಲರೂ ಫೋಟೋ ಎಂದುಕೊಳ್ಳುತ್ತಿದ್ದರು. ನಮಗೆ ಬರುತ್ತಿದ್ದದ್ದು ಟೇಪಿನ ಸುರುಳಿ, ಅದರ ತುಂಬ ಬರೀ ಅಂಕಿ. ಭೂಮಿಯನ್ನು ಎಕರೆಗಿಂತ ತುಸು ದೊಡ್ಡ ಚೌಕಗಳಾಗಿ ಹೆಚ್ಚಿದಂತೆ. ಒಂದೊಂದು ಚೌಕಕ್ಕೂ ನಾಲ್ಕು ಅಂಕಿ: ಎರಡು ಕಣ್ಣಿಗೆ ಕಾಣುವ ಬೆಳಕಿನವು, ಎರಡು ಕಾಣದವು. ಒಂದು ಸಾಲಿಗೆ ಮೂರು ಸಾವಿರಕ್ಕೂ ಹೆಚ್ಚು ಚೌಕ, ಅಂಥ ಸಾಲು ಎರಡು ಸಾವಿರಕ್ಕೂ ಮೇಲೆ.

ಕೆಲವು ಗೊತ್ತಿರುವ ಜಾಗಗಳನ್ನು ಪ್ರೋಗ್ರಾಮಿಗೆ ಮೊದಲು ತೋರಿಸಬೇಕು. ಇದು ಜೋಳ, ಇದು ಕೆರೆ, ಇದು ಬೀಳು ಎಂದು. ಅದು ಪ್ರತಿಯೊಂದರ ಸರಾಸರಿಯನ್ನೂ ಹರವನ್ನೂ ಲೆಕ್ಕ ಹಾಕಿಕೊಂಡು, ಉಳಿದ ಚೌಕಗಳು ಯಾವುದಕ್ಕೆ ಹತ್ತಿರ ಎಂದು ಹೇಳುತ್ತದೆ. ಕಚೇರಿಯಲ್ಲಿದ್ದ ಸಿದ್ಧ ಪ್ರೋಗ್ರಾಮುಗಳು ಕೆಲವೇ ಸಾವಿರ ಚೌಕಕ್ಕೆ ಏದುಸಿರು ಬಿಡುತ್ತಿದ್ದವು, ಕಂಪ್ಯೂಟರಿನ ನೆನಪು ಅಷ್ಟು ಸಣ್ಣದು. ನಾನು ಬರೆದ ಪ್ರೋಗ್ರಾಮು ಟೇಪಿನಿಂದ ಒಂದೇ ಸಾಲು ಓದಿ, ತೀರ್ಮಾನಿಸಿ, ಅಚ್ಚು ಹಾಕಿ, ಮರೆತು, ಮುಂದಿನ ಸಾಲಿಗೆ ಹೋಗುತ್ತಿತ್ತು. ಇಡೀ ಟೇಪು ಮುಗಿದ ದಿನ ನಾನು ಕಚೇರಿಯಲ್ಲಿ ನೆಲದ ಮೇಲೆ ನಡೆಯಲಿಲ್ಲ ಎನ್ನಬೇಕು. ಹೆಮ್ಮೆಪಡಲು ನನಗೆ ನಾಚಿಕೆಯಿಲ್ಲ, ಇವತ್ತಿಗೂ ಇಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಒಂದೇ ಚಿತ್ರದೊಳಗೆ ಬಂದ ಟೇಪು ಕಂಡಾಗ, ಇದು ನನಗೇ ಬೇಕು ಎಂದು ಹಟ ಹಿಡಿದು ತೆಗೆದುಕೊಂಡೆ. ಎರಡು ವರ್ಷ ಹಿಂದಿನ ಚಿತ್ರ. ಅಚ್ಚಾಗಿ ಬಂದ ಉದ್ದುದ್ದ ಕಾಗದದ ಪಟ್ಟಿಗಳನ್ನು ಗೋಂದು ಹಚ್ಚಿ ಅಂಟಿಸಿದೆ. ಜೋಳಕ್ಕೆ ಒಂದು ಅಕ್ಷರ, ಶೇಂಗಾಕ್ಕೆ ಒಂದು, ಬೀಳಿಗೆ ಅಡ್ಡಗೆರೆ. ನಮ್ಮೂರಿನ ಭಾಗದ ಒಂದು ಪ್ರತಿ ಸುತ್ತಿಕೊಂಡು ದೀಪಾವಳಿಗೆ ಊರಿಗೆ ಬಂದೆ.

ಪಡಸಾಲೆಯ ಉದ್ದಕ್ಕೂ ಹಾಸಿದೆ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಮೊಣಕಾಲೂರಿ ಕೂತವನೇ ಎರಡು ನಿಮಿಷದಲ್ಲಿ ಹಳ್ಳ ಹಿಡಿದ, ಕೆರೆ ಹಿಡಿದ, ನಮ್ಮ ಹನ್ನೆರಡು ಎಕರೆಯ ಮೇಲೆ ಬೆರಳಿಟ್ಟ. ಈ ಅಡ್ಡಗೆರೆ ಏನು ಎಂದು ಕೇಳಿದ. ಬೀಳು ಎಂದೆ. ಅವನ ಬೆರಳು ಸುತ್ತಲಿನ ಹೊಲಗಳ ಮೇಲೆಲ್ಲ ಓಡಿತು. ಹಳ್ಳದ ಎರಡೂ ದಂಡೆಗೆ, ಕಣ್ಣು ಹೋದಷ್ಟು ದೂರ ಅಡ್ಡಗೆರೆಯೇ.

"ನನ್ನ ಹೊಲಕ್ಕ ಬೀಳು ಅಂತ ಬರದೀಯೇನ ಯವ್ವಾ?"

ಬರೆದದ್ದು ನಾನಲ್ಲ, ಲೆಕ್ಕ ಎಂದೆ. ಯಂತ್ರಕ್ಕೆ ನಿನ್ನ ಮೇಲೆ ದ್ವೇಷವೇನು ಎಂದೂ ಅಂದೆ. ಎಂ.ಎಸ್ಸಿ. ಓದಿದ ಸೊಕ್ಕು ಬೇರೆ. ಅಪ್ಪ ತಿರುಗಿ ಬೈಯಲಿಲ್ಲ, ಚಿತ್ರ ಯಾವ ತಿಂಗಳದ್ದು ಎಂದಷ್ಟೇ ಕೇಳಿದ. ಸೆಪ್ಟೆಂಬರ್, ಭಾದ್ರಪದ ಎಂದೆ.

"ಭಾದ್ರಪದದಾಗ ಹಿಂಗಾರಿ ಹೊಲ ಖಾಲಿ ಇರಲಾರದ ಮತ್ತೇನ ಇರತೈತಿ? ಹರಗಿ ಹರಗಿ ಮಳಿ ಕುಡಿಸಿ ಇಟ್ಟಿರತೀವಿ. ನೀ ಒಕ್ಕಲಗ್ಯಾನ ಮಗಳ ಹೌದೋ ಅಲ್ಲೋ?"

ನನ್ನ ಮುಖಕ್ಕೆ ಯಾರೋ ನೀರು ಎರಚಿದಂತಾಯಿತು. ಶಿರಹಟ್ಟಿ ಕಡೆಯ ಕೆಂಪು ಮಸಾರಿಯಲ್ಲಿ ಮುಂಗಾರಿಗೇ ಶೇಂಗಾ ಬಿತ್ತುತ್ತಾರೆ. ನಮ್ಮ ಕರಿ ಎರಿಯನ್ನು ಮಾತ್ರ ಮಳೆಗಾಲವೆಲ್ಲ ಖಾಲಿ ಬಿಟ್ಟು, ಕುಂಟೆ ಹೊಡೆದು ಕಸ ತೆಗೆದು, ಹಸಿ ಹಿಡಿದಿಟ್ಟು, ಚಿತ್ತಿ ಮಳೆಯ ಹೊತ್ತಿಗೆ ಬಿಳಿಜೋಳ ಬಿತ್ತುತ್ತಾರೆ. ಇದನ್ನು ನಾನು ನಡೆಯಲು ಕಲಿಯುವ ಮೊದಲೇ ಕಂಡಿದ್ದೆ. ದೀಪದ ಬುಡ ಕತ್ತಲು ಎನ್ನುವುದು ಇದಕ್ಕೇ. ಹೊರಗಿನವರು ಕೊಟ್ಟ ಪಟ್ಟಿ ನೋಡಿ, ಖಾಲಿ ಕಂಡ ನೆಲವನ್ನೆಲ್ಲ ಬೀಳು ಎಂದು ಪ್ರೋಗ್ರಾಮಿಗೆ ಕಲಿಸಿದವಳು ನಾನೇ. ಅಪ್ಪನಿಗೆ ಇದ್ದ ಅಂಜಿಕೆ ಬೇರೆ. ಸರ್ಕಾರಿ ಕಾಗದದಲ್ಲಿ ಒಮ್ಮೆ ಬಿದ್ದದ್ದನ್ನು ಅಳಿಸಲು ಬರುವುದಿಲ್ಲ, ಬೀಳು ಅಂದ ಮೇಲೆ ಇಲ್ಲಿ ನೀಲಗಿರಿ ಗಿಡ ಹಚ್ಚುತ್ತೇವೆ ಎಂದು ಯಾರಾದರೂ ಬಂದರೆ ಊರಿನವರು ಯಾರ ಬಾಗಿಲಿಗೆ ಹೋಗಬೇಕು ಎಂದ. ಆ ಮಾತು ಸುಳ್ಳಲ್ಲ. ನಮ್ಮ ನಕ್ಷೆ ಹೋಗುತ್ತಿದ್ದದ್ದೇ ಬೀಳು ಭೂಮಿ ಹುಡುಕುವವರ ಮೇಜಿಗೆ.

ಮರಳಿ ಹೋಗಿ ನಮ್ಮ ಸಾಹೇಬರ ಮುಂದೆ ನಿಂತೆ. ಕನ್ನಡ ಬಾರದವರು, ಕೆಟ್ಟವರಲ್ಲ, ಆದರೆ ಅವಸರದವರು. ಆ ಸೆಪ್ಟೆಂಬರ್ ಕಳೆದು ಬಂದ ಜನವರಿಯ ಟೇಪೂ ಕಪಾಟಿನಲ್ಲಿದೆ, ಎರಡನ್ನೂ ಜೋಡಿಸಿ ಓದಬೇಕು ಎಂದೆ. ಒಂದು ಟೇಪಿಗೇ ಯಂತ್ರ ಸುಸ್ತಾಗುತ್ತದೆ ಎಂದರು. ನಾನು ದನಿ ಏರಿಸಿದೆ. ಪಕ್ಕದ ಕೋಣೆಯವರು ಇಣುಕಿ ನೋಡಿದರಂತೆ, ನೋಡಲಿ. ಕೊನೆಗೆ ಒಂದು ತಿಂಗಳು ಕೊಟ್ಟರು. ಒಂದು ಷರತ್ತು: ಒಂದು ಊರನ್ನು ಪೂರ್ತಿ ಬೇರೆ ಇಡಬೇಕು, ಪ್ರೋಗ್ರಾಮಿಗೆ ಅದನ್ನು ತೋರಿಸಬಾರದು, ಕೊನೆಗೆ ಅದರಲ್ಲೇ ಪರೀಕ್ಷೆ. ಆ ಊರು ನಿನ್ನದೇ ಇರಲಿ ಎಂದರು.

ಎರಡು ಟೇಪಿನಿಂದಲೂ ಒಂದೊಂದು ಸಾಲು, ಚೌಕಕ್ಕೆ ಈಗ ಎಂಟು ಅಂಕಿ. ಎರಡು ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ ಎಲ್ಲ ಹಾಳು. ಕೆರೆಯ ಏರಿ, ಹಳ್ಳ ಕೂಡುವ ಜಾಗ, ರೈಲು ಹಳಿಯ ತಿರುವು ಹಿಡಿದು ಹೊಂದಿಸಿದೆ. ಆ ವರ್ಷ ಎಲ್ಲೆಲ್ಲಿ ಏನು ಬಿತ್ತಿದ್ದರು ಎಂಬುದಕ್ಕೆ ಅಪ್ಪನಿಗೆ ಪತ್ರ ಹಾಕಿದೆ. ಅವನು ಅಂತೂರ ಬೆಂತೂರದಿಂದ ಹಿಡಿದು ಕಳಸಾಪುರದ ಬೀಗರ ಊರಿನ ತನಕ ಬಸ್ಸಿನಲ್ಲಿ ಅಡ್ಡಾಡಿ ಕೇಳಿ ಬಂದ. ಹೊಲದವರಿಗೆ ಎರಡು ವರ್ಷದ ಹಿಂದಿನ ಬಿತ್ತಿಗೆ ನಿನ್ನೆಯ ಊಟದ ಹಾಗೆ ನೆನಪಿರುತ್ತದೆ. ಎಂಟು ಪುಟ ಬಂತು, ನಮ್ಮೂರಿನ ಒಂದೊಂದು ಹೊಲದ್ದೂ ಸೇರಿ. ನಮ್ಮದರ ಮುಂದೆ ಮಾತ್ರ "ನಿನಗ ಗೊತ್ತೇ ಐತಿ" ಎಂದಿತ್ತು. ಗೊತ್ತಿಲ್ಲದೇನು ಎಂದು, ನಮ್ಮೂರಿನ ಪರೀಕ್ಷೆಗೆ ಸಾಹೇಬರು ಕೊಟ್ಟಿದ್ದ ಫಾರಮ್ಮಿನಲ್ಲಿ ಹನ್ನೆರಡು ಎಕರೆಗೂ ಜೋಳ ಎಂದು ತುಂಬಿದೆ.

ಹೊಸ ನಕ್ಷೆ ಬಂತು. ಹಳ್ಳದ ಎರಡೂ ದಂಡೆಗೆ ಜೋಳ, ನಡುನಡುವೆ ಕಡಲೆ, ಕುಸುಬಿ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಸಾಹೇಬರು ಕೆಂಪು ಪೆನ್ಸಿಲು ಹಿಡಿದು ನಮ್ಮೂರನ್ನು ಫಾರಮ್ಮಿನ ಜೊತೆ ತಾಳೆ ನೋಡಿದರು. ಹೆಚ್ಚುಕಡಿಮೆ ಎಲ್ಲ ಕೂಡಿತು. ನಮ್ಮ ಹೊಲದ ಮೇಲಿನ ತುಂಡಿಗೆ ಬಂದು ನಿಂತರು. ಅಲ್ಲಿ ಮೂರು ಅಡ್ಡಗೆರೆ.

ನಿನ್ನ ಸ್ವಂತ ಹೊಲವೇ ತಪ್ಪು ಬಂದರೆ ಉಳಿದದ್ದನ್ನು ನಾನು ಹೇಗೆ ನಂಬಲಿ ಎಂದರು. ಕಾರಣ ತಿಳಿಯದಿದ್ದರೆ ಹಳೆಯ ನಕ್ಷೆಯೇ ಹೋಗುತ್ತದೆ, ವಾರದ ಸಮಯವಿದೆ ಎಂದೂ ಅಂದರು. ನನಗೆ ಪ್ರೋಗ್ರಾಮಿನ ಮೇಲೆ ಸಿಟ್ಟು. ಮೂರು ಅಕ್ಷರ ಬದಲಿಸಿ ಮತ್ತೆ ಅಚ್ಚು ಹಾಕುವುದು ಎಷ್ಟರ ಕೆಲಸ! ಕೈ ಅಲ್ಲಿಯವರೆಗೆ ಹೋಗಿತ್ತು ಕೂಡ. ಹಾಗೆ ಮಾಡಿದರೆ ಉಳಿದ ಅಕ್ಷರಗಳಿಗೂ ಬೆಲೆ ಉಳಿಯುವುದಿಲ್ಲ ಎನಿಸಿ ರೈಲು ಹತ್ತಿದೆ.

ಅಪ್ಪ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. ಮೇಲಿನ ತುಂಡಿನಲ್ಲಿ ಆ ವರ್ಷ ಏನಿತ್ತು ಎಂದು ನೇರ ಕೇಳಿದೆ. ಹಗ್ಗದಿಂದ ಕಣ್ಣು ಎತ್ತದೆ ಜೋಳ ಎಂದ. ಯಂತ್ರ ಬೀಳು ಎನ್ನುತ್ತಿದೆ ಎಂದೆ. ಈ ಸಲ ಅವನಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಸೋಜಿಗವಾಗಿ, ಎದುರಿಗೆ ಕೂತು, ನನ್ನ ಆಣೆ ಇಟ್ಟು ಕೇಳಿದೆ.

"ನಿನ್ನ ಯಂತ್ರ ಖರೇನ ಹೇಳೇತಿ," ಎಂದ. "ಕೂರಿಗಿ ಕಟ್ಟಿದ್ದೆ, ಧಾರವಾಡದಿಂದ ನಿನ್ನ ಜಡ್ಡಿನ ತಾರು ಬಂತು. ಬಾಜೂ ಹೊಲದ ಸಾಬರು ಮುಯ್ಯಿಗೆ ಬಂದು ಕೆಳಗಿನ ಎಂಟೆಕರೆ ಬಿತ್ತಿ ಕೊಟ್ರು. ಮ್ಯಾಗಿನ ನಾಕೆಕರೆ ಹದಾ ತಪ್ಪಿತು. ನೀ ಕೇಳಿದ್ರ ನೊಂದ್ಕೋತಿ ಅಂತ ಹೇಳಲಿಲ್ಲ."

ಆ ಅಕ್ಟೋಬರಿನಲ್ಲಿ ಹಾಸ್ಟೆಲಿನಲ್ಲಿ ಜ್ವರ ಬಂದು ನನಗೆ ಎಚ್ಚರವೇ ಇರಲಿಲ್ಲ. ಎಚ್ಚರವಾದಾಗಲೆಲ್ಲ ದವಾಖಾನೆಯ ಮಂಚದ ಪಕ್ಕ ಅಪ್ಪ ಕೂತಿರುತ್ತಿದ್ದ. ಬಿತ್ತಿಗೆ ಆತೇನು ಎಂದು ಒಮ್ಮೆ ಕೇಳಿದ್ದೆ, ಆತು ಎಂದಿದ್ದ. ತಪ್ಪಿದ ಪಾಠ ಓದಲು ಆಮೇಲೆ ಅಲ್ಲೇ ಉಳಿದವಳು ಬೇಸಿಗೆಯಲ್ಲಿ ಊರಿಗೆ ಬಂದಾಗ ಎಲ್ಲರ ಹೊಲವೂ ಖಾಲಿ, ಯಾರದು ಬಿತ್ತಿದ್ದು ಯಾರದು ಬಿಟ್ಟದ್ದು ಎಂದು ತಿಳಿಯುವ ಹಾಗೇ ಇರಲಿಲ್ಲ. ನಾನು ಹಿತ್ತಲಲ್ಲೇ ಅತ್ತೆ. ಅಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

ಮರುದಿನದ ರೈಲಿಗೇ ಹೊರಟೆ. ಸಾಹೇಬರ ಎದುರಿಗೇ ನಿಂತು ಫಾರಮ್ಮಿನಲ್ಲಿ ನಾನೇ ಬರೆದಿದ್ದ ಜೋಳವನ್ನು ಮೇಲಿನ ನಾಲ್ಕು ಎಕರೆಗೆ ಹೊಡೆದು ಹಾಕಿ, ಬೀಳು ಎಂದು ತಿದ್ದಿದೆ. ಪಕ್ಕದ ಅಂಕಣದಲ್ಲಿ ಬಿತ್ತದಿರಲು ಕಾರಣ ಬರೆಯಬೇಕಿತ್ತು. ಮಗಳಿಗೆ ಟೈಫಾಯ್ಡ್ ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರಿನ ಸಹಿ ಹಾಕಿ ಕೊಟ್ಟೆ.